ಗೋಡೆಯ ಮೇಲೆ ಕೂತ ಫೋಕಸ್

"ಗಲ್ಲ ಇನ್ನೊಂಚೂರು ಕೆಳಗೆ," ಎಂದ ಅಣ್ಣ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಸ್ಟೂಲಿನ ಮೇಲೆ ಕೂತಿದ್ದವಳು ಬಳಸಿದ ಕ್ಯಾಮೆರಾಗಳ ಅಂಗಡಿಯ ಒಡತಿ. ಮಾರುವವಳೇ ಗೋಡೆಗೆ ಬೆನ್ನು ಕೊಟ್ಟು, ಕೊಳ್ಳುವವನ ಮುಂದೆ ಫೋಟೋಗೆ ಕೂರಬೇಕಾಗಿ ಬಂದದ್ದು ಅವಳ ವ್ಯಾಪಾರದಲ್ಲಿ ಇದೇ ಮೊದಲಿರಬೇಕು. ಆದರೂ ಗಲ್ಲ ಇಳಿಸಿದಳು. ಅಣ್ಣ ಎಡಗೈಯ ಎರಡೇ ಬೆರಳಲ್ಲಿ ಲೆನ್ಸಿನ ರಿಂಗನ್ನು ಕೂದಲೆಳೆಯಷ್ಟು ಈ ಕಡೆ, ಕೂದಲೆಳೆಯಷ್ಟು ಆ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಕ್ಯಾಮೆರಾ ಚಿಟಕೆ ಹೊಡೆದಂತೆ ಸದ್ದು ಮಾಡಿತು. ಪಕ್ಕದಲ್ಲಿ ತಮ್ಮ ಕೈಕಟ್ಟಿ ನಿಂತಿದ್ದ.

ಒಡತಿ ಎದ್ದು ಬಂದು ಕಾರ್ಡ್ ತೆಗೆದು ಕೌಂಟರಿನ ಮೇಲಿದ್ದ ಕಂಪ್ಯೂಟರಿಗೆ ಹಾಕಿದಳು. ದೊಡ್ಡ ಪರದೆ. ಅದರ ಮೇಲೆ ಅವಳ ಮುಖ ಬಂತು, ಹಬೆ ಹಿಡಿದ ಗಾಜಿನ ಆಚೆಗೆ ಯಾರೋ ನಿಂತ ಹಾಗೆ.

"ನೋಡಿದ್ರಾ? ಇದೂ ಹೋಗಿದೆ," ಎಂದ ಅಣ್ಣ.

"ಸಾರ್, ನನ್ನ ಮುಖ ಅಷ್ಟೊಂದು ಕೆಟ್ಟದಾಗಿಲ್ಲ."

"ಮುಖಕ್ಕೇನೂ ಆಗಿಲ್ಲ ಮೇಡಂ. ಮಾಲು ಸರಿಯಿಲ್ಲ."

ಇದು ಮೂರನೆಯ ಕ್ಯಾಮೆರಾ. ಮೊದಲನೆಯದನ್ನು ಸ್ಟುಡಿಯೋಗೆ ಒಯ್ದು ವಾಪಸು ತಂದಿದ್ದರು. ಎರಡನೆಯದು ಈಗ ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಸ್ಟೂಲಿನ ಮುಂದೆ ಫೇಲಾಗಿತ್ತು. ಒಡತಿ ತಾಳ್ಮೆ ಕಳೆದುಕೊಳ್ಳದೆ ಮತ್ತೆ ವಿವರಿಸಿದಳು. ಅವಳ ಗಂಡ ಹಿಂದಿನ ಕೋಣೆಯಲ್ಲಿ ಕೂತು ಪ್ರತಿಯೊಂದನ್ನೂ ಬಿಚ್ಚುತ್ತಾನಂತೆ, ಧೂಳು ಊದುತ್ತಾನಂತೆ, ಸವೆದ ಭಾಗ ಬದಲಿಸಿ, ಹೊಸ ರಬ್ಬರು ಅಂಟಿಸಿ, ತಾನೇ ಫೋಟೋ ತೆಗೆದು ನೋಡಿ ಆಮೇಲೆ ಗಾಜಿನ ಬೀರುವಿಗೆ ಬಿಡುತ್ತಾನಂತೆ. ಇಷ್ಟು ದಿನದಲ್ಲಿ ಒಂದೇ ಗಿರಾಕಿ ಮೂರು ಕ್ಯಾಮೆರಾಗೆ ಹೆಸರಿಟ್ಟಿದ್ದು ಇಲ್ಲವಂತೆ. ಅವಳ ಮಾತಿನ ಕೊನೆಯಲ್ಲಿ ಒಂದು ಮುಳ್ಳಿತ್ತು. ಅಣ್ಣನಿಗೆ ಅದು ತಾಗಲಿಲ್ಲ. ಅವನು ತಮ್ಮನ ಕಡೆ ತಿರುಗಿದ.

"ನೀನೇ ಹೇಳೋ. ಇಡೀ ದಿನ ಫೋಟೋ ನೋಡೋನು ನೀನು."

ತಮ್ಮ ಪರದೆ ನೋಡಿದ, ಒಡತಿಯನ್ನು ನೋಡಿದ. "ಸ್ವಲ್ಪ ಮಸುಕು ಅನ್ನಿಸುತ್ತೆ," ಎಂದ. ಹಾಗೆಂದ ಮೇಲೆ ಅವಳ ಮುಖ ನೋಡುವುದಾಗಲಿಲ್ಲ.

ಅಣ್ಣನದು ಊರಿಗೆಲ್ಲ ಗೊತ್ತಿರುವ ಕಣ್ಣು. ಮದುವೆ ಮನೆಗಳಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಹದ್ದು ಎಂದು. ಎಲ್ಲರ ಕ್ಯಾಮೆರಾ ಹುಡುಗ ಹುಡುಗಿಯ ಮೇಲಿದ್ದಾಗ ಅವನದು ಹಿಂದಿನ ಸಾಲಿನಲ್ಲಿ ಸೆರಗಿನ ತುದಿ ಕಚ್ಚಿ ನಿಂತ ಹುಡುಗಿಯ ಅಮ್ಮನ ಮೇಲೆ ಇರುತ್ತಿತ್ತು. ಮುಂದಿನವರೆಲ್ಲ ನೀರಿನಲ್ಲಿ ಕಲಸಿದ ಬಣ್ಣದಂತೆ ಕರಗಿ, ಆ ಒಂದು ಮುಖ ಮಾತ್ರ ಸೂಜಿಯಂತೆ ಚುಚ್ಚಬೇಕು. ಅದಕ್ಕೇ ಅವನು ಕ್ಯಾಮೆರಾ ತಾನಾಗಿ ಫೋಕಸ್ ಮಾಡುವ ಗುಂಡಿಯನ್ನು ಮುಟ್ಟುತ್ತಿರಲಿಲ್ಲ. ಆ ಗುಂಡಿಗೆ ಮೂಗು ಗೊತ್ತು, ಅಳು ಗೊತ್ತಿಲ್ಲ ಎನ್ನುತ್ತಿದ್ದ.

ಇನ್ನೊಂದು ಹಟವೂ ಇತ್ತು. ಕ್ಯಾಮೆರಾದ ಬೆನ್ನ ಮೇಲಿನ ಚಿಕ್ಕ ಪರದೆಗೆ ಅವನು ಕರಿ ಟೇಪು ಅಂಟಿಸಿದ್ದ. ತೆಗೆದದ್ದನ್ನೇ ಯೋಚಿಸುತ್ತ ನಿಂತವನಿಗೆ ಮುಂದಿನದು ತಪ್ಪಿಹೋಗುತ್ತದೆ ಎಂಬುದು ರೀಲಿನ ಕಾಲದಲ್ಲಿ ಅವರಪ್ಪ ಕಲಿಸಿದ ಪಾಠ. ಅಪ್ಪ ಹೋಗುವ ಮುಂಚೆ ಸ್ಟುಡಿಯೋದ ಕೆಲಸವನ್ನು ಇಬ್ಬರಿಗೂ ಹಂಚಿದ್ದರು. ಮುಂದಿನ ಕೋಣೆಯೂ ಕ್ಯಾಮೆರಾವೂ ದೊಡ್ಡವನಿಗೆ, ಹಿಂದಿನ ಕೋಣೆಯೂ ರೀಲು ತೊಳೆಯುವ ಕೆಲಸವೂ ಸಣ್ಣವನಿಗೆ. ತೊಳೆಯುವ ಕೆಲಸ ಹೋಗಿ ಕಂಪ್ಯೂಟರ್ ಬಂದರೂ ಹಂಚಿಕೆ ಹಾಗೇ ಉಳಿಯಿತು. ಕ್ಯಾಮೆರಾವನ್ನು ತಮ್ಮ ಮುಟ್ಟುತ್ತಿರಲಿಲ್ಲ. ಅಣ್ಣ ಹಿಂದಿನ ಕೋಣೆಗೆ ಕಾಲಿಡುತ್ತಿರಲಿಲ್ಲ. ಆ ಡಬ್ಬದ ಮುಂದೆ ಕೂತರೆ ಕಣ್ಣು ಹಾಳಾಗುತ್ತೆ ಎಂದು ತಮ್ಮನಿಗೇ ಬುದ್ಧಿ ಹೇಳುತ್ತಿದ್ದ.

ಕಣ್ಣು ಹಾಳಾಗಿದ್ದು ಅಣ್ಣನದು. ಅತ್ತಿಗೆ ಅವನನ್ನು ಬಲವಂತದಿಂದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. ಬಲಗಣ್ಣಿನ ಹಿಂದಿನ ನರ ಒಣಗುತ್ತಿದೆ, ಎಡಗಣ್ಣೂ ಅದೇ ದಾರಿ ಹಿಡಿದಿದೆ, ಕನ್ನಡಕಕ್ಕೂ ಆಪರೇಷನ್ನಿಗೂ ಜಗ್ಗುವ ಕಾಯಿಲೆಯಲ್ಲ, ಹನಿ ಹಾಕುತ್ತಿದ್ದರೆ ಇರುವಷ್ಟು ದೃಷ್ಟಿ ನಿಧಾನವಾಗಿ ಹೋಗುತ್ತದೆ ಎಂದರಂತೆ ಡಾಕ್ಟರು. ಅಷ್ಟೂ ಮಾತಿನಲ್ಲಿ ಅಣ್ಣ ಕಿವಿಗೆ ಹಾಕಿಕೊಂಡು ಬಂದದ್ದು ಹನಿ ಎಂಬುದೊಂದನ್ನೇ. ಧೂಳಿಗೆ ಔಷಧಿ ಕೊಟ್ಟಿದ್ದಾರೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅತ್ತಿಗೆ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ತಮ್ಮನಿಗೆ ಎಲ್ಲವನ್ನೂ ಹೇಳಿ, "ಕ್ಯಾಮೆರಾ ಕಿತ್ಕೊಂಡ್ರೆ ಆ ಮನುಷ್ಯ ಉಳಿಯಲ್ಲಪ್ಪ. ನಡೆಯೋವಷ್ಟು ದಿನ ನಡೆಸ್ಕೊಂಡು ಹೋಗು," ಎಂದಿದ್ದಳು.

ನಡೆಸಿಕೊಂಡು ಹೋದ. ಒಂದು ಮದುವೆಗೆ ರಾಶಿ ರಾಶಿ ಫೋಟೋ ಬರುತ್ತಿದ್ದವು. ಅದರಲ್ಲಿ ಅದೃಷ್ಟದಿಂದ ಸರಿಯಾಗಿ ಬಿದ್ದವನ್ನು ಕಲ್ಲಿನಲ್ಲಿ ಅಕ್ಕಿ ಆರಿಸುವಂತೆ ಆರಿಸುತ್ತಿದ್ದ. ಅದೂ ಸಾಲದೆ ಬಂದಾಗ ಅವನೊಂದು ಉಪಾಯ ಕಂಡುಕೊಂಡ. ಮಸುಕಾದ ಫೋಟೋವನ್ನು ಅಂಗೈಯಷ್ಟು ಮಾಡಿದರೆ ಮಸುಕು ಕಾಣುವುದಿಲ್ಲ. ಈಗ ಚಿಕ್ಕ ಫೋಟೋದ್ದೇ ಕಾಲ, ಒಂದು ಪುಟಕ್ಕೆ ಆರು ಬರಬೇಕು, ಎಲ್ಲ ಕಡೆ ಹೀಗೇ ನಡೆದಿದೆ ಎಂದು ಗಿರಾಕಿಗಳ ತಲೆಗೆ ತುಂಬಿದ. ಅವರು ಒಪ್ಪಿದರು. ಒಂದಿಬ್ಬರು ತಾವೇ ಬಂದು ಚಿಕ್ಕದೇ ಬೇಕೆಂದು ಕೇಳಿದರು. ಪಕ್ಕದ ಬೀದಿಯ ಸ್ಟುಡಿಯೋದವನೂ ಚಿಕ್ಕದು ಮಾಡತೊಡಗಿದ. ಅಣ್ಣ ಮಾತ್ರ ಆಲ್ಬಮ್ಮಿನ ಪುಟ ತಿರುವಿ, ಜನರ ಮನಸ್ಸೇ ಕುಗ್ಗಿಹೋಗಿದೆ ಕಣೋ ಎಂದು ನಿಟ್ಟುಸಿರು ಬಿಡುತ್ತಿದ್ದ.

ಹಳೆಯ ಕ್ಯಾಮೆರಾ ಇರುವ ತನಕ ಎಲ್ಲ ಸಾಗಿತು. ಕಳೆದ ವಾರ ಒಂದು ಗುಂಪು ಫೋಟೋದ ನಡುವೆ ಅದು ಮುದುಕ ಕೆಮ್ಮಿದಂತೆ ಕೆಮ್ಮಿ ಮತ್ತೆ ಏಳಲಿಲ್ಲ. ಹೊಸದು ಕೈಗೆಟುಕುವಂತಿರಲಿಲ್ಲ. ಶನಿವಾರ ಮದುವೆ ಒಪ್ಪಿಕೊಂಡಾಗಿತ್ತು. ಹಾಗೆ ಈ ಅಂಗಡಿಗೆ ಬಂದದ್ದು. ಬಳಸಿದ ಮಾಲು ಎಂದ ಕೂಡಲೇ ಅಣ್ಣನೊಳಗೆ ಸಂಶಯದ ಹುಳ ಹೊಕ್ಕಿತು. ಯಾರ ಕೈಯಲ್ಲಿತ್ತೋ, ಎಲ್ಲಿ ಬಿದ್ದಿತ್ತೋ, ನೋಡದೆ ತಗೊಳ್ಳೋಕಾಗುತ್ತಾ ಎಂದ. ಎಷ್ಟೋ ವರ್ಷದಿಂದ ತೆಗೆದದ್ದನ್ನು ದೊಡ್ಡದಾಗಿ ನೋಡದವನು ಈಗ ನೋಡಲೇಬೇಕೆಂದು ಕೂತ. ಮೊದಲ ಕ್ಯಾಮೆರಾದಲ್ಲಿ ಅತ್ತಿಗೆಯನ್ನು ಬಾಗಿಲಲ್ಲಿ ನಿಲ್ಲಿಸಿ ತೆಗೆದು, ತೋರಿಸು ಎಂದು ಹಿಂದಿನ ಕೋಣೆಯ ಹೊಸ್ತಿಲಿಗೇ ಬಂದ. ಕಂಪ್ಯೂಟರ್ ಕೆಟ್ಟಿದೆ ಎಂದು ತಮ್ಮ ವೈರು ಕಿತ್ತು ತೋರಿಸಿದ. ಹಾಗಾದರೆ ಅಂಗಡಿಯಲ್ಲೇ ನೋಡೋಣ ನಡಿ ಎಂದ ಅಣ್ಣ. ಅಲ್ಲಿಗೆ ತಮ್ಮನ ಉಪಾಯಗಳೆಲ್ಲ ಮುಗಿದವು.

"ಒಂದು ಕೆಲಸ ಮಾಡೋಣ," ಎಂದಳು ಒಡತಿ. ಅವಳು ಯಾರನ್ನೂ ಸೋಲಿಸಲು ಹೊರಟಿರಲಿಲ್ಲ. ಗಂಡನ ಕೆಲಸಕ್ಕೆ ಕೆಟ್ಟ ಹೆಸರು ಬರಬಾರದು, ಅಷ್ಟೇ. "ನಾನು ತೆಗೆದ್ರೆ ಅಂಗಡಿಯವಳು ಅಂತೀರ. ನಿಮ್ಮ ತಮ್ಮನೇ ತೆಗೀಲಿ. ಇದೇ ಕ್ಯಾಮೆರಾ, ಇದೇ ಜಾಗ."

ಅವನು ಕ್ಯಾಮೆರಾ ಮುಟ್ಟಲ್ಲ ಎಂದು ಅಣ್ಣ ಹೇಳಬಹುದೆಂದು ತಮ್ಮ ಕಾದ. ಅಣ್ಣ ಕೊರಳಿಂದ ಪಟ್ಟಿ ತೆಗೆದು, ಮಗುವನ್ನು ದಾಟಿಸುವಂತೆ ಎರಡೂ ಕೈಯಲ್ಲಿ ಅವನಿಗೆ ದಾಟಿಸಿದ. "ತಗೊಳೋ. ಅವರಿಗೂ ಗೊತ್ತಾಗಲಿ."

ಒಡತಿ ಮತ್ತೆ ಸ್ಟೂಲಿನ ಮೇಲೆ ಕೂತಳು. ತಮ್ಮ ಕಣ್ಣಿಟ್ಟ. ರಿಂಗು ತಿರುಗಿಸಿದ. ಒಮ್ಮೆಗೇ ಎಲ್ಲವೂ ತಾನಾಗಿ ಬಂದು ನಿಂತಿತು. ಅವಳ ರೆಪ್ಪೆಯ ಒಂದೊಂದು ಕೂದಲು, ಮೂಗಿನ ಪಕ್ಕದ ಹಳೆಯ ಮೊಡವೆ ಕಲೆ, ತುಟಿಯ ಮೂಲೆಯಲ್ಲಿ ಅದುಮಿಟ್ಟ ಸಿಟ್ಟು. ಇಷ್ಟೇನಾ ಎನಿಸಿತು ಅವನಿಗೆ. ಇಷ್ಟು ಸುಲಭವಾಗಿ ಕೈಗೆ ಸಿಗುವುದನ್ನು ಅಣ್ಣ ಇಡೀ ಸಂಜೆ ಕತ್ತಲೆಯಲ್ಲಿ ತಡಕಾಡುತ್ತಿದ್ದಾನೆ. ಹೀಗೇ ಒತ್ತಿಬಿಟ್ಟರೆ ಕ್ಯಾಮೆರಾ ಗೆಲ್ಲುತ್ತದೆ. ಅಣ್ಣ ಏನಾಗುತ್ತಾನೆ? ಅವನ ಬೆರಳು ರಿಂಗನ್ನು ಇನ್ನಷ್ಟು ತಿರುಗಿಸಿತು. ಅವಳ ಮುಖ ನಿಧಾನಕ್ಕೆ ಕರಗಿತು. ಒತ್ತಿದ.

ಪರದೆಯ ಮೇಲೆ ಮುಖ ಮಸುಕಾಗಿತ್ತು.

ಅಣ್ಣ ಕೌಂಟರಿಗೆ ಅಂಗೈ ಬಡಿದು ನಕ್ಕ. "ಸಾಕಾ ಮೇಡಂ? ಇಬ್ಬರ ಕಣ್ಣೂ ಕೆಟ್ಟಿರೋಕೆ ಸಾಧ್ಯಾನಾ?"

ಏನೋ ಸರಿಯಿಲ್ಲವೆಂದು ಒಡತಿಗೆ ಅನಿಸಿರಬೇಕು, ಚಿತ್ರವನ್ನು ಹಿಗ್ಗಿಸಿದಳು. ಮುಖ ಪರದೆಯಿಂದಾಚೆ ಜರುಗಿ, ಅವಳ ಬೆನ್ನಹಿಂದಿನ ಗೋಡೆ ಬಂತು. ಗೋಡೆಯ ಮೇಲೆ ಸ್ವಿಚ್ಚುಗಳ ಹಲಗೆ.

"ನಿಲ್ಲಿ," ಎಂದ ಅಣ್ಣ.

ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಹಲಗೆಯ ನಾಲ್ಕು ಮೂಲೆಯ ತಿರುಪುಗಳು ಸ್ಪಷ್ಟವಾಗಿದ್ದವು. ಸ್ವಿಚ್ಚಿನ ಸುತ್ತ ಬೆರಳಿನ ಜಿಡ್ಡು, ಬಣ್ಣ ಬಳಿದವನ ಕುಂಚದಿಂದ ಉದುರಿ ಗೋಡೆಗೆ ಅಂಟಿದ್ದ ಒಂದು ಕೂದಲು. ಅಷ್ಟು ಹಿಗ್ಗಿಸಿದ್ದು ಅವನ ಕಣ್ಣಿಗೂ ಕಂಡಿತು.

"ನಾನು ತೆಗೆದಿದ್ದು ತೋರಿಸಿ. ಅದೇ ಜಾಗ."

ಅವನದರಲ್ಲಿ ಮುಖವೂ ಮಸುಕು, ಹಲಗೆಯೂ ಮಸುಕು. ಫೋಕಸ್ ಸ್ಟೂಲಿಗಿಂತ ಮುಂಚೆಯೇ, ಏನೂ ಇಲ್ಲದ ಗಾಳಿಯಲ್ಲಿ ಎಲ್ಲೋ ನಿಂತುಬಿಟ್ಟಿತ್ತು. ಅಣ್ಣ ಎರಡನ್ನೂ ಮತ್ತೆ ಮತ್ತೆ ಹಾಕಿಸಿದ. ತಮ್ಮನದು, ತನ್ನದು, ತಮ್ಮನದು. ಆಮೇಲೆ ನೆಟ್ಟಗಾದ.

"ಕ್ಯಾಮೆರಾ ಕೆಟ್ಟಿದ್ರೆ ಗೋಡೆನೂ ಕೆಡಬೇಕಿತ್ತು," ಎಂದ. ಧ್ವನಿ ಏರಲಿಲ್ಲ. "ನಂದು ಎಲ್ಲೂ ಕೂತಿಲ್ಲ. ನಿಂದು ಕೂತಿದೆ. ಬೇಕು ಅಂತ ಕೂರಿಸಿದ್ದೀಯ."

ತಮ್ಮ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. ಕೈತಪ್ಪಿತು ಎನ್ನಬಹುದಿತ್ತು. ಆದರೆ ಹಿಂದಿನ ಸಾಲಿನ ಮುಖವನ್ನು ಬೇಕೆಂದೇ ಹಿಡಿಯುತ್ತ ಬಾಳು ಸವೆಸಿದವನ ಮುಂದೆ, ಕೈತಪ್ಪಿ ಹಿಂದಕ್ಕೆ ಬಿತ್ತು ಎನ್ನಲು ಅವನ ನಾಲಿಗೆ ಏಳಲಿಲ್ಲ.

"ಎಷ್ಟು ದಿನದಿಂದ?"

"ಅಣ್ಣ, ಅದು..."

"ಆಲ್ಬಮ್ ಚಿಕ್ಕದಾದಾಗಿಂದಲಾ?"

ತಮ್ಮ ಹೌದೆಂದು ತಲೆಯಾಡಿಸಿದ.

"ನಿಮ್ಮತ್ತಿಗೆಗೂ ಗೊತ್ತಾ?"

ಇದಕ್ಕೆ ತಲೆಯಾಡಿಸುವ ಅಗತ್ಯವೂ ಬೀಳಲಿಲ್ಲ. ಅಣ್ಣ ಕೌಂಟರಿನ ಅಂಚು ಹಿಡಿದುಕೊಂಡು ಬೀದಿಯ ಕಡೆ ನೋಡುತ್ತ ನಿಂತ. ಆಚೆ ಬಸ್ಸೊಂದು ನಿಂತು, ಜನರನ್ನು ಇಳಿಸಿ ಹೋಯಿತು. ಇಳಿದವರಲ್ಲಿ ಎಷ್ಟು ಜನ ಅವನಿಗೆ ಕಂಡರೋ, ಕೇಳುವ ಧೈರ್ಯ ತಮ್ಮನಿಗಿರಲಿಲ್ಲ. ಮೊದಲೇ ಹೇಳಿದ್ದರೆ ಎಂದುಕೊಂಡ. ಹೇಳಿದ್ದರೆ ಮೊದಲೇ ಹೀಗೆ ನಿಂತಿರುತ್ತಿದ್ದ, ಅಷ್ಟೇ. ಯಾವ ಕಡೆಯಿಂದ ಹಿಡಿದರೂ ಕೈ ಸುಡುವ ಪಾತ್ರೆ ಇದು, ಇಳಿಸಲು ಜಾಗವೇ ಇಲ್ಲ.

ಒಡತಿ ಗೆದ್ದಿದ್ದಳು. ಗೆದ್ದದ್ದು ಅವಳಿಗೆ ಬೇಡವಾದಂತಿತ್ತು. ಗಂಡನನ್ನು ಕೂಗಲು ಬಾಯಿ ತೆರೆದವಳು ಸುಮ್ಮನಾಗಿ, ತಮ್ಮನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಲೆನ್ಸಿನ ಪಕ್ಕದ, ತಾನಾಗಿ ಫೋಕಸ್ ಮಾಡುವ ಪುಟ್ಟ ಗುಂಡಿಯನ್ನು ಮೇಲಕ್ಕೆ ತಳ್ಳಿದಳು. ಅಣ್ಣನ ಮುಖಕ್ಕೆ ಹಿಡಿದು ಒತ್ತಿದಳು. ಪರದೆಯ ಮೇಲೆ ಅವನ ಮುಖ ಮೂಡಿತು. ಗಡ್ಡದ ಬಿಳಿ ಮೊಳಕೆ, ಕಣ್ಣಂಚಿನಲ್ಲಿ ಔಷಧಿಯ ಹನಿ ಒಣಗಿದ ಗೆರೆ, ಎಲ್ಲ ಸೂಜಿಯಂತೆ.

"ಈಗೆಲ್ಲರೂ ಹೀಗೇ ತೆಗೆಯೋದು ಸಾರ್," ಎಂದಳು ಮೆಲ್ಲಗೆ. "ಮುಖ ಎಲ್ಲಿದ್ರೂ ಅದೇ ಹುಡುಕುತ್ತೆ. ನೀವು ಹಿಡ್ಕೊಂಡ್ರೆ ಸಾಕು."

ಅಣ್ಣ ತನ್ನ ಮುಖವನ್ನು ಬಹಳ ಹೊತ್ತು ನೋಡಿದ. ಅದು ಯಾರದೋ ಎಂಬಂತೆ.

ತಮ್ಮ ಹತ್ತಿರ ಹೋದ. ಹೇಳಬೇಕಾದ್ದನ್ನು ಹೇಳುವ ಬಗೆ ಗೊತ್ತಿಲ್ಲದೆ ಒಂದರ ಮೇಲೊಂದು ಪೇರಿಸಿದ. ಶನಿವಾರ ಇಬ್ಬರೂ ಹೋಗೋಣ, ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾದರೂ ಏನೀಗ, ಬೇಕಿದ್ದರೆ ಆಲ್ಬಮ್ ಮತ್ತೆ ದೊಡ್ಡದು ಮಾಡೋಣ, ಅತ್ತಿಗೆಗೆ ನಾನೇ ಹೇಳುತ್ತೇನೆ ಎಂದ. ಒಡತಿಯ ಕೈಯಿಂದ ಕ್ಯಾಮೆರಾ ಇಸಿದುಕೊಂಡು ಅಣ್ಣನ ಮುಂದೆ ಹಿಡಿದ.

"ನೀನು ನನ್ನ ಪಕ್ಕದಲ್ಲಿ ನಿಂತ್ಕೋ ಅಣ್ಣ. ಯಾರ ಮುಖ ಅಂತ ನೀನು ಹೇಳು. ಬರೀ ಗುಂಡಿ ಒತ್ತೋದು ನಾನು. ಫೋಟೋ ನಿಂದೇ."

ಅಣ್ಣ ಕ್ಯಾಮೆರಾವನ್ನೂ ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ.

"ಬೇಡ," ಎಂದ. "ಯಾರ ಮುಖ ಅಂತ ಹೇಳೋಕೆ ಮೊದಲು ನಂಗೆ ಅದು ಕಾಣಬೇಕಲ್ಲ."