ಬಿಳಿಯ ಮೇಲೆ ಬಿಳಿ

ನನ್ನದು ಮೊಸರಲ್ಲಿ ಕಲ್ಲು ಹುಡುಕುವ ಜಾಯಮಾನ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ನಾವು ಮಾಡುವ ಕೆಲಸಕ್ಕೆ ಅದು ಬೇಕು. ಬೇಸಿಗೆ ಬಂತೆಂದರೆ ನಾನೂ ನನ್ನ ಗಂಡನೂ ತಾರಸಿಗಳಿಗೆ ಬಿಳಿ ಬಣ್ಣ ಬಳಿಯುತ್ತೇವೆ. ಬಿಸಿಲು ಬಂದ ದಾರಿಯಲ್ಲೇ ವಾಪಸ್ಸು ಹೋದರೆ ಕೆಳಗಿನ ಕೋಣೆ ತಣ್ಣಗಿರುತ್ತದೆ. ನಾನು ಕೆಳಗೆ ನೆರಳಲ್ಲಿ ಬಣ್ಣ ಕಲಸಿ ಬಕೆಟ್ಟನ್ನು ಹಗ್ಗಕ್ಕೆ ಕಟ್ಟುತ್ತೇನೆ, ಇವರು ಮೇಲಿಂದ ಎಳೆದುಕೊಂಡು ಬಳಿಯುತ್ತಾರೆ. ಬೆಳಿಗ್ಗೆ ಒಂದು ಕೋಟು, ಅದು ಒಣಗಿದ ಮೇಲೆ ನಡುಮಧ್ಯಾಹ್ನ ಇನ್ನೊಂದು. ಬಿಸಿಲು ಇಳಿದ ಮೇಲೆ ನಾನು ಹತ್ತಿಹೋಗಿ ತಪಾಸಣೆ ಮಾಡುತ್ತೇನೆ. ಅಂಗೈಯಗಲ ಜಾಗ ಬಿಟ್ಟುಹೋಗಿದ್ದರೂ ಅದು ನನ್ನ ಕಣ್ಣು ತಪ್ಪಿಸಿಕೊಂಡದ್ದಿಲ್ಲ.

ಈ ಸಲ ಬೇಸಿಗೆ ಶುರುವಾಗಿ ತಿಂಗಳಾಗಿರಲಿಲ್ಲ, ಇವರ ಎಡಗಣ್ಣು ಕೆಂಡವಾಯಿತು. ಬಿಳಿಗುಡ್ಡೆಯ ಮೇಲೆ ಮೂಗಿನ ಕಡೆಯಿಂದ ಮಾಂಸದ ಪೊರೆಯಂಥದ್ದು ತೆವಳಿಕೊಂಡು ಬರುತ್ತಿತ್ತು. ಕಣ್ಣಿನ ಡಾಕ್ಟರಮ್ಮ ದೀಪ ಹಾಕಿ ನೋಡಿದರು.

"ಬಿಸಿಲಿಗೆ ಬೆಳೆಯೋದು ಇದು. ಕರಿಗುಡ್ಡೆ ಮೇಲೆ ಹತ್ತಿದ್ರೆ ದೃಷ್ಟಿಗೇ ಸಂಚಕಾರ. ಕಣ್ಣು ಕಾಪಾಡ್ಕೊಂಡ್ರೆ ಇಲ್ಲಿಗೇ ನಿಲ್ಲಬಹುದು. ಬಿಳಿ ನೆಲದಲ್ಲಿ ಬಿಸಿಲು ಕೆಳಗಿಂದ್ಲೂ ಹೊಡೆಯುತ್ತೆ, ಬರೀ ಟೋಪಿ ಸಾಲದು. ಕಪ್ಪು ಕನ್ನಡಕ ಹಾಕ್ತೀರಾ?"

"ದಿನಾ ಹಾಕ್ತೀನಿ ಡಾಕ್ಟ್ರೇ," ಎಂದರು ಇವರು.

"ಹಾಗಿದ್ರೆ ಇಷ್ಟು ಬೇಗ ಬೆಳೀಬಾರ್ದಿತ್ತಲ್ಲ. ಕೆಲವು ಕನ್ನಡಕ ಬರೀ ಕಪ್ಪು ಇರ್ತವೆ, ಅಷ್ಟೇ. ಕತ್ತಲೆ ಅಂತ ಪಾಪೆ ಅಗಲ ಆಗುತ್ತೆ, ಕೆಟ್ಟ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತೆ. ಹಾಕದೇ ಇರೋದಕ್ಕಿಂತ ಕೆಟ್ಟದ್ದು. ಪರೀಕ್ಷೆ ಮಾಡಿಸಿ."

ನನಗೆ ಅಷ್ಟು ಸಾಕಿತ್ತು. ನಮ್ಮಿಬ್ಬರಿಗೂ ಕನ್ನಡಕ ತಂದುಕೊಟ್ಟವನು ನನ್ನ ಮೈದುನ. ಬಸ್ ನಿಲ್ದಾಣದ ಎದುರು ಕನ್ನಡಕ, ಬೆಲ್ಟು, ಕೊಡೆ ಮಾರುತ್ತಾನೆ. ಅವನು ಕೊಟ್ಟ ಕೊಡೆ ಮೊದಲ ಗಾಳಿಗೇ ಮಗುಚಿಕೊಂಡದ್ದನ್ನು ನಾನು ಮರೆತಿಲ್ಲ. ಒಡಹುಟ್ಟಿದ ಅಣ್ಣನ ಕಣ್ಣಿಗೇ ಮಣ್ಣೆರಚಿದನಲ್ಲ ಎಂದು ಹೊಟ್ಟೆ ಉರಿಯಿತು. ಕೇಳಿದ್ದಕ್ಕೆ ಅವನು, "ಅತ್ತಿಗೆ, ದೇವರಾಣೆಗೂ ಒಳ್ಳೇ ಮಾಲು," ಎಂದ. ಆಣೆ ಮಾಡು ಎನ್ನುವ ಮೊದಲೇ ಆಣೆ ಇಟ್ಟವನನ್ನು ನಂಬುವುದು ಹೇಗೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದೇ ನನಗೆ ಖಾತ್ರಿಯಾಯಿತು.

ಇವರ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡು ದೊಡ್ಡ ಅಂಗಡಿಗೆ ಹೋದೆ. ಅಲ್ಲಿಯ ಕನ್ನಡಕದವನು ಒಂದು ನೇರಳೆ ದೀಪ ಹೊತ್ತಿಸಿ ತನ್ನ ಬಿಳಿ ಕರವಸ್ತ್ರದ ಮೇಲೆ ಬಿಟ್ಟ. ಬಟ್ಟೆ ಫಳಫಳ ಹೊಳೆಯಿತು. ಕನ್ನಡಕದ ಗಾಜನ್ನು ಅಡ್ಡ ಹಿಡಿದ. ಹೊಳಪು ಆರಿಹೋಯಿತು.

"ಕೆಟ್ಟ ಕಿರಣ ಒಂದ್ ಚೂರೂ ದಾಟ್ತಿಲ್ಲ ನೋಡಿ. ಚಿನ್ನದಂಥ ಕನ್ನಡಕ."

"ಇನ್ನೊಂದ್ಸಲ ಮಾಡಿ," ಎಂದೆ. ಮೂರು ಸಲ ಮಾಡಿಸಿದೆ. ಮೂರು ಸಲವೂ ಅದೇ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತಾಗಿತ್ತು ನನ್ನ ಕಥೆ. ನಾಚಿಕೆಯಾಯಿತು, ಆದರೆ ಅನುಮಾನ ಹೋಗಲಿಲ್ಲ. ಕನ್ನಡಕ ಸರಿ ಇದೆ, ಕಣ್ಣು ಕೆಡುತ್ತಿದೆ. ಹಾಗಾದರೆ ಸುಳ್ಳು ಎಲ್ಲಿದೆ?

ಮರುದಿನ ಬೆಳಿಗ್ಗೆ ಬಚ್ಚಲಿನ ಕನ್ನಡಿಯಲ್ಲಿ ಅದು ಸಿಕ್ಕಿತು. ನಾನು ಹಲ್ಲುಜ್ಜುತ್ತಿದ್ದೆ, ಇವರು ಹಿಂದೆ ನಿಂತು ಮುಖ ಒರೆಸಿಕೊಳ್ಳುತ್ತಿದ್ದರು. ನನ್ನ ಮುಖವೆಲ್ಲ ಬಿಸಿಲಿಗೆ ಕಪ್ಪಿಟ್ಟು, ಕಣ್ಣಿನ ಸುತ್ತ ಮಾತ್ರ ಎರಡು ತೆಳುಬಣ್ಣದ ಉಂಗುರ ಉಳಿದಿದ್ದವು. ಹೆಚ್ಚು ಹೊತ್ತು ನೆರಳಲ್ಲೇ ಕೂರುವವಳಿಗೇ ಕನ್ನಡಕದ ಗುರುತು ಬಿದ್ದಿದೆ. ಇಡೀ ದಿನ ತಾರಸಿಯ ಮೇಲಿರುವ ಇವರ ಮುಖ ಹಣೆಯಿಂದ ಗಲ್ಲದವರೆಗೆ ಒಂದೇ ಬಣ್ಣ.

ಅವತ್ತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಬೆಳಿಗ್ಗೆ ಏಣಿ ಹತ್ತುವಾಗ ಕನ್ನಡಕ ಮೂಗಿನ ಮೇಲಿತ್ತು. ಮೊದಲ ಕೋಟು ಮುಗಿಸಿ ಊಟಕ್ಕೆ ಇಳಿದಾಗಲೂ ಇತ್ತು. ಎರಡನೇ ಕೋಟಿನ ಬಕೆಟ್ಟು ಮೇಲೆ ಹೋದ ಸ್ವಲ್ಪ ಹೊತ್ತಿಗೆ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಏಣಿ ಹತ್ತಿ ತಲೆ ಹಾಕಿದೆ.

ಕನ್ನಡಕ ಅಂಗಿಯ ಜೇಬಿನಲ್ಲಿತ್ತು. ಇವರು ಮೊಣಕಾಲೂರಿ, ಆ ಉರಿಯುವ ಬಿಳುಪಿನ ಮೇಲೆ ಮುಖ ಬಾಗಿಸಿ, ನೀರು ಸುರಿಯುವ ಕಣ್ಣನ್ನು ತೋಳಿಗೆ ಒರೆಸಿಕೊಳ್ಳುತ್ತ ಬಳಿಯುತ್ತಿದ್ದರು.

"ಸಿಕ್ಕಿಬಿದ್ರಿ!" ಎಂದೆ. "ಡಾಕ್ಟ್ರ ಮುಂದೂ ಸುಳ್ಳು, ನನ್ನ ಮುಂದೂ ಸುಳ್ಳು. ಕಣ್ಣು ಬೇಡ್ವಾ ನಿಮಗೆ?"

ಇವರು ಬೆಚ್ಚಿ ತಿರುಗಿದರು. ಆಮೇಲೆ ಬ್ರಷ್ಷನ್ನು ಮೆಲ್ಲಗೆ ಬಕೆಟ್ಟಿನಲ್ಲಿಟ್ಟರು.

"ಮೊದಲ್ನೇ ಕೋಟಿಗೆ ಹಾಕ್ತೀನಿ ಕಣೇ. ಎರಡನೇದು ಬಿಳಿ ಮೇಲೆ ಬಿಳಿ. ಕನ್ನಡಕ ಹಾಕಿದ್ರೆ ಎಲ್ಲಿ ಬಳ್ದೆ, ಎಲ್ಲಿ ಬಿಟ್ಟೆ, ಒಂದೂ ಗೊತ್ತಾಗಲ್ಲ."

"ಗೊತ್ತಾಗ್ದಿದ್ರೆ ಬಿಟ್ಟುಹೋಗ್ಲಿ! ಆಮೇಲೆ ಬಳಿದ್ರಾಯ್ತು!"

"ಹೋದ್ವರ್ಷ ಆ ಶಾಲೆ ತಾರಸೀಲಿ ಬಿಟ್ಟುಹೋಗಿತ್ತಲ್ಲ," ಎಂದರು ಇವರು, ದನಿ ಏರಿಸದೆ. "ಮೇಷ್ಟ್ರುಗಳೆಲ್ಲ ನಿಂತಿದ್ರು. ನೀನು ಮೇಲಿಂದ ಕೂಗಿ ಕೇಳ್ದೆ, ಕಣ್ಣು ಕಾಣ್ಸಲ್ವಾ ನಿಮಗೆ ಅಂತ."

ಕೇಳಿದ್ದು ನಿಜ. ಆ ಮಾತನ್ನು ನಾನು ಅವತ್ತೇ ಮರೆತಿದ್ದೆ, ಇವರು ವರ್ಷವಿಡೀ ಇಟ್ಟುಕೊಂಡಿದ್ದರು. ಮೈದುನನ ಅಂಗಡಿ, ದೊಡ್ಡ ಅಂಗಡಿಯ ನೇರಳೆ ದೀಪ, ಇವರ ಮುಖ, ಎಲ್ಲ ಕಡೆ ಹುಡುಕಿದ ನಾನು ನನ್ನ ನಾಲಿಗೆಯೊಂದನ್ನು ಬಿಟ್ಟಿದ್ದೆ. ಏಣಿಯ ಮೇಲೆ ನಿಂತೇ ಅಳು ಬಂತು. ನನ್ನ ಕಣ್ಣಿಗೆ ಕಪ್ಪು ಕನ್ನಡಕ ಇದ್ದದ್ದು ಒಳ್ಳೆಯದಾಯಿತು.

ಮರುದಿನ ಇನ್ನೊಂದು ಮನೆ. ಮೊದಲ ಕೋಟಿನ ಬಕೆಟ್ಟಿಗೆ ನಾನು ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಚಮಚ ಸುರಿದು ಕದಡಿದೆ. ತಾರಸಿ ತೆಳು ನೀಲಿಯಾಯಿತು. ಮಧ್ಯಾಹ್ನ ಅದರ ಮೇಲೆ ಬಿಳಿ ಬಿದ್ದಾಗ ಕಪ್ಪು ಗಾಜಿನಲ್ಲೂ ಗೆರೆ ಕೊರೆದಂತೆ ಕಾಣುತ್ತದೆ ಎಂದು ಇವರು ಮೇಲಿಂದಲೇ ಕೂಗಿ ಹೇಳಿದರು. ಇಷ್ಟು ವರ್ಷ ಈ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಸಂಜೆ ತಪಾಸಣೆಗೆ ಹತ್ತಿದೆ. ನೀರಿನ ಟ್ಯಾಂಕಿನ ಹಿಂದೆ ಅಂಗೈಯಗಲ ನೀಲಿ ಉಳಿದುಬಿಟ್ಟಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಬ್ರಷ್ಷು ಅದ್ದಿ, ನಾನೇ ಬಳಿದೆ.

"ಏನಾದ್ರೂ ಬಿಟ್ಟಿದ್ದೀನಾ?" ಇವರು ಕೆಳಗಿಂದ ಕೇಳಿದರು.

"ಏನೂ ಇಲ್ಲ. ಚೆನ್ನಾಗಿ ಬಂದಿದೆ."

ಇವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ಅನುಮಾನದಿಂದ ನೋಡಿದರು. "ಸರಿಯಾಗಿ ನೋಡಿದ್ಯಾ?"

"ನೋಡ್ದೆ ಕಣ್ರೀ," ಎಂದೆ. "ಕನ್ನಡಕ ಇಳಿಸಿ. ಬಿಸಿಲು ಇನ್ನೂ ಇದೆ."