ಪದ್ಮಿನಿಯ ಟೈಮಿಂಗ್

ಭಾನುವಾರ ಹನ್ನೊಂದಕ್ಕೆ ಚಿಕ್ಕಜಾಲದಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ. ಎಂಟೂವರೆಗೆ ಕೌಸಲ್ಯಾ ರೇಷ್ಮೆ ಸೀರೆ ಉಟ್ಟು, ಆರ್.ಟಿ. ನಗರದ ಮನೆಯ ಶೆಡ್ಡಿನಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿಯ ಸ್ಟೇರಿಂಗ್ ಮುಂದೆ ಕೂತಿದ್ದಳು. ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಗಂಡ ಜಯಸಿಂಹ "ಹಾಕು" ಎಂದರೆ ಕೀಲಿ ತಿರುಗಿಸಬೇಕು, "ಬಿಡು" ಎಂದರೆ ಬಿಡಬೇಕು. ಗಾಡಿ ಕೆಮ್ಮುತ್ತಿತ್ತು, ಸೈಲೆನ್ಸರಿನಲ್ಲಿ ಢಂ ಎನ್ನುತ್ತಿತ್ತು, ಸತ್ತು ಹೋಗುತ್ತಿತ್ತು.

ನಿನ್ನೆಯವರೆಗೆ ಅದು ಚೆನ್ನಾಗಿಯೇ ಓಡುತ್ತಿತ್ತು. ಪಿಕಪ್ ಸಾಲದು ಎಂದು ಜಯಸಿಂಹನಿಗೆ ಅನ್ನಿಸಿದ್ದೇ ಗಾಡಿಯ ಗ್ರಹಚಾರ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು, ಯಾವ ದಿಕ್ಕಿಗೆ ಕೂತಿತ್ತೆಂದು ಗುರುತು ಹಾಕದೆ ಕಿತ್ತು, ಒರೆಸಿ, ಹೇಗೋ ಮತ್ತೆ ತುರುಕಿದ್ದ. ಎರಡು ತಿಂಗಳ ಹಿಂದೆ ಮತ್ತಿಕೆರೆಯ ಮೆಕ್ಯಾನಿಕ್ ಮಜೀದನನ್ನು "ಇನ್ನು ನೀನು ಬರೋದ್ ಬೇಡಪ್ಪ, ಎಲ್ಲಾ ಯೂಟ್ಯೂಬಲ್ಲೇ ಇದೆ" ಎಂದು ಗೇಟಿನಿಂದಲೇ ಕಳಿಸಿದ ಮಹಾನುಭಾವನೂ ಇವನೇ. ಮೂವತ್ತು ವರ್ಷ ಇನ್ಶೂರೆನ್ಸ್ ಆಫೀಸಿನಲ್ಲಿ ಬೇರೆಯವರು ಬರೆದ ಕಾಗದಕ್ಕೆ ರುಜು ಹಾಕಿದ ಕೈಗೆ ರಿಟೈರಾದ ಮೇಲೆ ಸ್ಪ್ಯಾನರ್ ಸಿಕ್ಕಿತ್ತು.

"ಏನಾಗಿದೆ ರೀ ಅದಕ್ಕೆ?"

"ಟೈಮಿಂಗ್ ತಪ್ಪಿದೆ. ಕಿಡಿ ಹತ್ತು ಡಿಗ್ರಿ ಮುಂಚೆ ಬರ್ಬೇಕು. ಡಿಗ್ರಿ ಗಿಗ್ರಿ ಎಲ್ಲಾ ನಿನಗೆ ಅರ್ಥ ಆಗಲ್ಲ ಬಿಡು."

ಕೌಸಲ್ಯಾ ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿದವಳು. ಕೋನಮಾಪಕವನ್ನು ತಲೆಕೆಳಗೆ ಹಿಡಿಯುವ ದಡ್ಡರನ್ನು ಬೇಕಾದಷ್ಟು ಕಂಡಿದ್ದಳು. ಅವರಲ್ಲಿ ಒಬ್ಬರೂ ಅವಳಿಗೇ ಪಾಠ ಹೇಳಲು ಬಂದಿರಲಿಲ್ಲ. ಅವಳು ಮಜೀದನಿಗೆ ಫೋನ್ ಮಾಡಿದಳು.

ಅರ್ಧ ಗಂಟೆಯಲ್ಲಿ ಅವನು ಬಂದ. ಇಂಜಿನ್ ಮೇಲೆ ಬಗ್ಗಿ ನೋಡಿ ಹುಬ್ಬೇರಿಸಿದ.

"ಗುರುತು ಹಾಕ್ದೆ ಇದನ್ನ ಎಳ್ದಿದ್ ಯಾರು ಸಾರ್?"

"ಇವಳೇ ಕಣಪ್ಪ. ಒರೆಸ್ತೀನಿ ಅಂತ ಹೋಗಿ ಕಿತ್ತುಬಿಟ್ಟಿದಾಳೆ."

ಕೌಸಲ್ಯಾಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗಿದ್ದವನಿಗೆ ಒಂದಿಷ್ಟಾದರೂ ತೂಕ ಇರಬೇಕು. ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಹೆಂಡತಿಯತ್ತ ಬೆರಳು ತೋರಿಸುತ್ತಿದ್ದ ಗಂಡನನ್ನು ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿಳಿದಳು.

"ಕಿತ್ತವಳು ನಾನೇ ಆದ್ರೆ ಕೂರಿಸೋದೂ ನಾನೇ. ಹೇಳ್ಕೊಡಿ ಮಜೀದ್."

ಮಜೀದನಿಗೆ ಎಲ್ಲ ಅರ್ಥವಾಗಿತ್ತು. ನಾಲ್ಕೂ ಪ್ಲಗ್ ಬಿಚ್ಚಿದ. "ಮೊದಲನೇ ತೂತಿಗೆ ಹೆಬ್ಬೆಟ್ಟು ಒತ್ತಿ ಹಿಡೀರಿ ಮೇಡಂ, ಗಾಳಿ ಒದ್ದಾಗ ಹೇಳಿ. ಸಾರ್, ಟಾಪ್ ಗೇರ್ ಹಾಕಿದೀನಿ. ನೀವು ಹಿಂದಿನಿಂದ ಮೆಲ್ಲಗೆ ತಳ್ಳಿ."

ಜಯಸಿಂಹ ಏದುಸಿರು ಬಿಡುತ್ತ ತಳ್ಳಿದ. ಗಾಡಿ ಅಂಗುಲ ಅಂಗುಲವಾಗಿ ಸರಿಯಿತು, ಕೌಸಲ್ಯಾಳೂ ಜೊತೆಗೆ ಸರಿದಳು. ಒಳಗಿನಿಂದ ಗಾಳಿ ಬುಸ್ಸೆಂದು ಹೆಬ್ಬೆಟ್ಟನ್ನು ನೂಕಿತು. ಇಂಜಿನ್ ಮುಂದಿನ ಪುಲ್ಲಿ ಚಕ್ರದ ಗೀರು ಎದುರಿನ ಮುಳ್ಳಿಗೆ ಸರಿಯಾಗಿ ಬಂದಾಗ ಮಜೀದ್ ನಿಲ್ಲಿಸಿದ. ಡಿಸ್ಟ್ರಿಬ್ಯೂಟರನ್ನು ಸರಿಯಾದ ದಿಕ್ಕಿಗೆ ಇಳಿಸಿ, ಅದರ ತಂತಿಗೆ ಸಣ್ಣ ಬಲ್ಬು ಕಟ್ಟಿ, ಕೀಲಿ ಆನ್ ಮಾಡಿದ.

"ಕೂದಲೆಳೆಯಷ್ಟು ತಿರುಗಿಸ್ತಾ ಹೋಗಿ. ಬಲ್ಬು ಹತ್ತಿದ ತಕ್ಷಣ ಕೈ ನಿಲ್ಲಿಸಿ."

ತಿರುಗಿಸಿದಳು. ಹತ್ತಿತು. ನಟ್ಟನ್ನು ತಾನೇ ಬಿಗಿ ಮಾಡಿದಳು. ಪ್ಲಗ್ಗುಗಳನ್ನು ಹಾಕಿ ಕೀಲಿ ತಿರುಗಿಸಿದ್ದೇ ತಡ, ಪದ್ಮಿನಿ ಒಂದೇ ಸಲಕ್ಕೆ ಎದ್ದಿತು.

ಗಾಡಿ ಓಡಿಸಿದವಳೂ ಅವಳೇ. ಚಿಕ್ಕಜಾಲದಲ್ಲಿ ತಂಗಿಯ ಗಂಡ ಗುರುಚರಣ್ ಕಾರಿನ ಸುತ್ತ ಒಂದು ಸುತ್ತು ಬಂದ. "ಇನ್ನೂ ಜೋರಾಗಿದೆಯಲ್ಲ ಭಾವ!"

"ಟೈಮಿಂಗ್ ಬೆಳಿಗ್ಗೆ ನಾನೇ ಸೆಟ್ ಮಾಡಿದ್ದು" ಎಂದ ಜಯಸಿಂಹ. "ಇವಳೂ ಸ್ವಲ್ಪ ಕೈ ಜೋಡಿಸಿದಳು."

ಇಷ್ಟು ವರ್ಷ ಇಂಥ ಮಾತಿಗೆ ಕೌಸಲ್ಯಾ ಅಡುಗೆಮನೆಯ ಕಡೆ ನಡೆದುಬಿಡುತ್ತಿದ್ದಳು. ಇವತ್ತು ನಿಂತಳು.

"ಸುಳ್ಳು ಕಣೋ ಗುರು. ಸೆಟ್ ಮಾಡಿದ್ದು ನಾನು, ಹೇಳ್ಕೊಟ್ಟಿದ್ದು ಮಜೀದ್. ಇವರು ಹಿಂದಿನಿಂದ ತಳ್ಳಿದ್ರು. ತಳ್ಳೋದಕ್ಕೆ ಮಾತ್ರ ಅಡ್ಡಿಯಿಲ್ಲ."

ಗಂಡಿನ ಕಡೆಯವರೂ ನಕ್ಕರು. ಜಯಸಿಂಹ ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂತ, ತಲೆ ಎತ್ತಲಿಲ್ಲ.

ವಾಪಸ್ಸು ಬರುವಾಗ ಅವನು ಹಿಂದಿನ ಸೀಟಿನಲ್ಲಿ ಕೂತಿದ್ದ. ಹೆಬ್ಬಾಳದ ಹತ್ತಿರ "ಸ್ವಲ್ಪ ನಿಧಾನ" ಎಂದ. ಕೌಸಲ್ಯಾ ಗೇರ್ ಬದಲಿಸಿ ಮುಂದಿನ ಬಸ್ಸನ್ನು ಹಿಂದೆ ಹಾಕಿದಳು.