ಬಾರ್ಬರಾಳ ಟೊಂಗೆ

ಜರ್ಮನಿಯ ಬೊಬ್ಲಿಂಗೆನ್ನಿನ ಮೂರನೆಯ ಮಹಡಿಯ ಮನೆಯಲ್ಲಿ ಬಸವ್ವನ ದಿನ ಶುರುವಾಗುತ್ತಿದ್ದುದೇ ದೇವರ ಜಗಲಿಯಿಂದ. ಜರ್ಮನಿಯವರು ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಕಂಪ್ಯೂಟರ್ ಕೆಲಸಕ್ಕೆ ಬಂದಿದ್ದ ಮಗ ಸಂತೋಷಕುಮಾರ, ಚಳಿಗಾಲ ತನ್ನ ಮನೆಯಲ್ಲಿ ಕಳೆಯಲೆಂದು ತಾಯಿಯನ್ನು ಕರೆಸಿಕೊಂಡಿದ್ದ. ಡಿಸೆಂಬರಿನ ಒಂದು ಬೆಳಿಗ್ಗೆ ವಿಭೂತಿ ಹಿಡಿದು ನೋಡುತ್ತಾಳೆ, ಲಿಂಗದ ಪಕ್ಕದ ಚೊಂಬಿನಲ್ಲಿ ಎಲೆಯಿಲ್ಲದ ಬೋಳು ಟೊಂಗೆ. ದೇವರ ಮುಂದೆ ಒಣಕಟ್ಟಿಗೆ! "ಶಿವಶಿವಾ" ಎನ್ನುತ್ತ ಕೆಳಗಿಳಿದು ಕಸದ ಡಬ್ಬಕ್ಕೆ ಹಾಕಿ ಬಂದಳು. ಹಿಂದೆಯೇ ಕಸದ ಗಾಡಿ ಬಂದು ಒಯ್ದಿತು.

ಮಧ್ಯಾಹ್ನ ಶಾಲೆಯಿಂದ ಬಂದ ಮೊಮ್ಮಗಳು ಭೂಮಿಕಾ ರೊಟ್ಟಿ ಮುರಿಯುತ್ತ ಕತೆ ತೆಗೆದಳು.

"ಆಯಿ, ಜಗಲಿ ಮ್ಯಾಲಿನ ಚೆರಿ ಟೊಂಗಿ ನೋಡಿದೇನು? ಟೀಚರ್ ಕೊಟ್ಟಾರ. ಅದು ಸೇಂಟ್ ಬಾರ್ಬರಾಂದು."

"ಸೇಂಟ್ ಅಂದ್ರ?"

"ನೀ ಹೇಳತೀಯಲ್ಲ ಶರಣೇರು, ಹಂಗ. ಅಕೀನ್ನ ಅವರಪ್ಪ ಟುರ್ಮ್‌ನಾಗ ಕೀಲಿ ಹಾಕಿ ಇಟ್ಟಿದ್ದ."

"ಕನ್ನಡದಾಗ ಹೇಳ, ನಮ್ಮವ್ವಾ."

"ಗೋಪುರದಾಗ! ಅಕಿ ಯೇಸುನ್ನ ನಂಬೀನಿ ಅಂದ್ಲು. ಅದಕ್ಕ ಜೇಲಿಗೆ ಒಯ್ಯೋವಾಗ ಅಕೀ ಉಟ್ಟ ಅರಿವೀಗೆ ಒಂದು ಟೊಂಗಿ ಸಿಕ್ಕೊಂಡಿತು. ತನ್ನ ಕುಡಿಯೋ ನೀರಿನಾಗ ಅದಕ್ಕೂ ಹನಿ ಹಾಕಿದ್ಲು. ನಂಬಿಲ್ಲ ಅಂತ ಒಂದು ಸುಳ್ಳು ಹೇಳಿದ್ರ ಬಿಡತಿದ್ರು. ಹೇಳಲಿಲ್ಲ. ಅವರಪ್ಪನೇ ಅಕೀ ಕುತ್ತಿಗಿಗೆ ಕತ್ತಿ ಬೀಸಿದ. ಅವತ್ತ ಟೊಂಗಿ ಹೂ ಬಿಡ್ತು. ದಿನಾ ನೀರು ಹಾಕಿದ್ರ ನಂದೂ ಕ್ರಿಸ್‌ಮಸ್ಸಿಗೆ ಬಿಡತದ."

ಬಸವ್ವ ತಟ್ಟನೆ ಎದ್ದಳು. "ಚಹಾದ ಗಸಿ ಚೆಲ್ಲಿ ಬರತೀನಿ, ತಿಂತಿರು" ಎಂದು ಹಿತ್ತಿಲಿಗೆ ಇಳಿದಳು. ಅಲ್ಲಿ ಎಲ್ಲ ಗಿಡಗಳೂ ಬೋಳಾಗಿ ಒಂದೇ ತರ ನಿಂತಿದ್ದವು. ಕೈಗೆ ಎಟುಕಿದ್ದನ್ನು ಮುರಿದು ಸೆರಗಿನಲ್ಲಿ ತಂದು ಚೊಂಬಿನಲ್ಲಿಟ್ಟಳು. ಕೂಸಿಗೆ ಗೊತ್ತಾಗಲಿಲ್ಲ.

ಅಂದಿನಿಂದ ಭೂಮಿಕಾ ದಿನಾಲು ನೀರು ಬದಲಿಸುವಳು. "ಮೊಗ್ಗಿ ಬಂದಾವೇನು, ಆಯಿ?" ಎಂದು ಕೇಳುವಳು. ಬಸವ್ವ ಟೊಂಗೆಯ ಕಡೆ ನೋಡದೆ ಗಂಟೆ ಬಾರಿಸುವಳು. ಆ ಬಾರ್ಬರಾ ಜೀವ ಹೋದರೂ ಸುಳ್ಳಾಡಲಿಲ್ಲ. ತಾನೋ, ಮೊಮ್ಮಗಳ ಮುನಿಸಿಗೆ ಹೆದರಿ ಸುಳ್ಳಾಡಿದ್ದಳು. ಶರಣರ ಕತೆ ಹೇಳು ಎಂದು ಕೂಸು ಮಗ್ಗುಲಿಗೆ ಬಂದರೆ, ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚುವಳು.

ಕ್ರಿಸ್‌ಮಸ್ ಬಂತು. ಭೂಮಿಕಾಳ ಜೊತೆ ಓದುವ ಕೆಳಗಿನ ಮನೆಯ ಲೇನಾಳ ಟೊಂಗೆಯ ತುಂಬ ಬಿಳಿ ಹೂವು. ಇಲ್ಲಿಯದು ಇದ್ದ ಹಾಗೇ ಇತ್ತು. ಭೂಮಿಕಾ ಜಗಲಿಯ ಮುಂದೆ ಮುದುಡಿ ಕೂತಿದ್ದಳು.

"ನಂದ ತಪ್ಪು, ಆಯಿ. ಹಲ್ಲ ತಿಕ್ಕೀನಿ ಅಂತ ಮಮ್ಮಿಗೆ ಸುಳ್ಳ ಹೇಳಿದ್ದೆ. ಅದಕ್ಕ ಬಾರ್ಬರಾ ಸಿಟ್ಟಾಗ್ಯಾಳ."

ಬಸವ್ವ ಗೋಡೆ ಹಿಡಿದು ಅವಳ ಪಕ್ಕ ಕೂತಳು.

"ನಿಂದಲ್ಲವ್ವ, ಸುಳ್ಳು ನಂದು. ನಿನ್ನ ಟೊಂಗಿ ನಾನ ಕಸಕ್ಕ ಹಾಕಿದೆ. ಇದು ಹಿತ್ತಲದಾಗಿಂದು. ಯಾವ ಗಿಡಾನೋ ನನಗೂ ಗೊತ್ತಿಲ್ಲ."

"ನೀ ಸುಳ್ಳ ಹೇಳತೀ?" ಎಂದಳು ಭೂಮಿಕಾ.

ಕೂಸು ಎದ್ದು ಚೊಂಬು ಎತ್ತಿಕೊಂಡು ಅಡುಗೆಮನೆಗೆ ಹೋಯಿತು. ಎಸೆಯುತ್ತಾಳೆ, ಎಸೆಯಲಿ ಎಂದುಕೊಂಡಳು ಬಸವ್ವ. ನಲ್ಲಿಯ ಸಪ್ಪಳವಾಯಿತು. ಭೂಮಿಕಾ ಹೊಸ ನೀರು ತುಂಬಿ ತಂದು, ಟೊಂಗೆಯನ್ನು ಲಿಂಗದ ಪಕ್ಕ ಮತ್ತೆ ಇಟ್ಟಳು.

"ಇದೇನ ತಪ್ಪ ಮಾಡೇದ? ಇದಕ್ಕೂ ನೀರು ಬೇಕಲ್ಲ."

ಆದರೆ ಅವತ್ತು ಊಟಕ್ಕೆ ಆಯಿಯ ಪಕ್ಕ ಕೂರಲಿಲ್ಲ.